ಮಾವನ ಮುಂಗಡ ತೆರಿಗೆ

ತೆರಿಗೆ ತಪ್ಪಿಸುವ ಜನರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸರ್ಕಾರ ಸಾಕು ಎಂದರೂ ‘ಇನ್ನೊಂಚೂರು ಹಾಕಿಸ್ಕಳಿ’ ಎಂದು ಬಲವಂತ ಮಾಡುವವರನ್ನು ನೋಡಿದ್ದೀರಾ? ಇಲ್ಲವಾದರೆ ಬೀರೂರಿಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ.

ಮಾವನದು ಮದುವೆ ಅಡುಗೆಯ ಕಂಟ್ರಾಕ್ಟು. ತರೀಕೆರೆ, ಅಜ್ಜಂಪುರ, ಹಿರೇನಲ್ಲೂರು, ಎಲ್ಲಿ ಒಗ್ಗರಣೆಯ ಘಮ ಎದ್ದರೂ ಅದರ ಹಿಂದೆ ತಾನಿರುತ್ತೇನೆ ಎನ್ನುವುದು ಅವರ ಹೇಳಿಕೆ. ನಿಜವಾಗಿ ಇರುತ್ತಿದ್ದವರು ನನ್ನ ಅತ್ತೆ. ಸಾರಿಗೆ ಹುಳಿ ಹಿಂಡುವುದರಿಂದ ಹಿಡಿದು ಅಡುಗೆಯವರನ್ನು ಗದರಿಸುವವರೆಗೆ ಎಲ್ಲವೂ ಅವರದೇ. ಮಾವನ ಪಾಲಿಗಿದ್ದದ್ದು ಊಟಕ್ಕೆ ಎಷ್ಟು ಜನ ಬರಬಹುದೆಂದು ಅಂದಾಜು ಮಾಡುವ ಕೆಲಸ. ಆ ಅಂದಾಜು ಸರಿಹೋದದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ. ಮುನ್ನೂರು ಜನ ಎಂದರೆ ಐನೂರು ಜನಕ್ಕೆ ಅಕ್ಕಿ ಹಾಕಿಸುವರು. ಮಂಟಪದ ಅಕ್ಕಪಕ್ಕದ ಬೀದಿಗಳಲ್ಲಿ ಅಂದು ರಾತ್ರಿ ಯಾರ ಮನೆಯ ಒಲೆಯೂ ಹೊತ್ತುತ್ತಿರಲಿಲ್ಲ!

ಇಂಥ ಮನುಷ್ಯ ತೆರಿಗೆಯಲ್ಲಿ ಮಾತ್ರ ಮೊದಮೊದಲು ತೀರಾ ಉಲ್ಟಾ ಇದ್ದರು. ವ್ಯಾಪಾರ ಕುದುರಿ ಮೊದಲ ಸಲ ಮೈಮೇಲೆ ಬೀಳುವಷ್ಟು ತೆರಿಗೆ ಬಂದ ವರ್ಷ, ಅಷ್ಟನ್ನೂ ಜುಲೈಯಲ್ಲಿ ರಿಟರ್ನ್ ಸಲ್ಲಿಸುವಾಗಲೇ ಒಟ್ಟಿಗೆ ಕಟ್ಟಲು ಹೊರಟರು. ಬಿ.ಕಾಂ. ಓದಿದ ತಪ್ಪಿಗೆ ನನ್ನನ್ನೂ ಕಡೂರಿನ ಆಡಿಟರ ಕಚೇರಿಗೆ ಕರೆದೊಯ್ದಿದ್ದರು. ಆಡಿಟರು ತಾಳ್ಮೆಯ ಮನುಷ್ಯ.

“ತೆರಿಗೆ ಜೊತೆ ಒಂದಿಷ್ಟು ಬಡ್ಡೀನೂ ಇದೆ ಯಜಮಾನ್ರೇ” ಎಂದರು.

“ಬಡ್ಡಿಯಾ? ನಾನೇನು ಸಾಲ ತಗಂಡಿದ್ನೇನ್ರೀ? ಪೂರ್ತಿ ಕಟ್ತಾ ಇಲ್ವಾ?”

“ಪೂರ್ತಿ ಕಟ್ತಿದೀರಿ, ಆದ್ರೆ ತಡವಾಗಿ. ನಿಮ್ಮ ಮದುವೆ ಊಟದಲ್ಲಿ ನಾಲ್ಕು ಪಂಕ್ತಿ ಅಂತ ಇಟ್ಕೊಳ್ಳಿ. ಯಾರಿಗೂ ಏನೂ ಬಡಿಸ್ದೆ, ಎಲ್ಲ ಎದ್ದು ಹೋದ್ಮೇಲೆ ಕೊಪ್ಪರಿಗೆ ತುಂಬ ಅನ್ನ ತಂದಿಟ್ರೆ ಗಂಡಿನ ಕಡೆಯೋರು ಬಿಡ್ತಾರಾ? ಇದೂ ಹಾಗೇನೆ. ಜೂನು, ಸೆಪ್ಟೆಂಬರು, ಡಿಸೆಂಬರು, ಮಾರ್ಚು ಅಂತ ನಾಲ್ಕು ಕಂತು. ಈ ವರ್ಷ ಎಷ್ಟು ದುಡಿಬಹುದು ಅಂತ ಮೊದಲೇ ಅಂದಾಜು ಮಾಡಿ ಕಟ್ತಾ ಹೋಗ್ಬೇಕು. ಕಮ್ಮಿ ಬಿದ್ರೆ ಬಡ್ಡಿ.”

ಅಡುಗೆ ಕಂಟ್ರಾಕ್ಟಿನವನ ಮುಂದೆ ‘ಕಮ್ಮಿ ಬಿದ್ರೆ’ ಎಂಬ ಮಾತು ಆಡಬಹುದೇ? ಮಾವನ ಮುಖ ಬಿಳಿಚಿಕೊಂಡಿತು. ಮಾರನೆಯ ವರ್ಷದಿಂದ ತೆರಿಗೆಗೂ ಐನೂರು ಜನದ ಲೆಕ್ಕವೇ ಶುರುವಾಯಿತು. ಪ್ರತಿ ಕಂತಿಗೂ ಕೈ ಎತ್ತಿ ಸುರಿದರು. ಹೆಚ್ಚಾದದ್ದನ್ನು ಇಲಾಖೆ ಲೆಕ್ಕ ಹಾಕಿ, ಮೇಲೆ ಸ್ವಲ್ಪ ಬಡ್ಡಿ ಸೇರಿಸಿ, ಅವರ ಖಾತೆಗೆ ಮರಳಿಸಿತು. ಬೇರೆಯವರಾಗಿದ್ದರೆ ಸಿಹಿ ಹಂಚುತ್ತಿದ್ದರು. ಮಾವ ಸಿಟ್ಟಾಗಿ ಕಡೂರಿಗೆ ಹೊರಟರು.

“ಬಡಿಸಿದ್ದನ್ನ ನಮ್ಮನೇಗೇ ವಾಪಸ್ ಕಳಿಸೋದಾ? ಅಲ್ಲೇ ಇಟ್ಕಳಿ ಅನ್ರೀ. ಮುಂದಿನ ವರ್ಷಕ್ಕಾಯ್ತದೆ.”

“ಹಾಗೆ ಇಟ್ಕೊಳ್ಳೋಕೆ ಬರಲ್ಲ ಯಜಮಾನ್ರೇ. ಇನ್ನೊಂದು ವಿಷ್ಯ, ಅವರು ಕೊಟ್ಟ ಬಡ್ಡಿ ನಿಮ್ಮ ಆದಾಯ ಆಗುತ್ತೆ. ಅದಕ್ಕೂ ತೆರಿಗೆ ಇದೆ.”

ಮಾವನ ಮುಖ ಅರಳಿತು. “ಹಂಗನ್ನಿ ಮತ್ತೆ. ಅದನ್ನ ಇವತ್ತೇ ಕಟ್ಬಿಡಿ.”

ಅತ್ತೆಗೆ ಈ ದಾನಶೂರತ್ವ ಸರಿಬರುತ್ತಿರಲಿಲ್ಲ. “ಬಡ್ಡಿ ಉಳಿಸಾಕೋಗಿ ಇದ್ದಬದ್ದ ದುಡ್ಡೆಲ್ಲ ಅಲ್ಲಿಗೆ ಹಾಕಿದ್ರೆ, ನಾಳೆ ಬೇಳೆ ಅಂಗಡಿಯೋನು ನಿಮ್ಮ ಮುಖ ನೋಡಿ ಬೇಳೆ ಕೊಡ್ತಾನಾ?” ಎನ್ನುವರು. ಮಾವನಿಗೆ ಇಂಥ ಪ್ರಶ್ನೆಗಳು ಕೇಳಿಸುತ್ತಿರಲಿಲ್ಲ. ಅವರ ಕಿವಿಯೂ ಅಂದಾಜಿನ ಮೇಲೆ ಕೆಲಸ ಮಾಡುವಂಥದು.

ಹೋದ ಶ್ರಾವಣದಲ್ಲಿ ಅಜ್ಜಂಪುರದ ಒಂದು ಮದುವೆಯಲ್ಲಿ, ಆಗಷ್ಟೇ ತೊಳೆದ ನೆಲದ ಮೇಲೆ ಅತ್ತೆ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮೂಳೆ ಕೂಡಿದೆ, ಇನ್ನು ನಡೆಯಬಹುದು, ನಡೆಯಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಅತ್ತೆ ಕಾಲು ಕೆಳಗಿಡಲಿಲ್ಲ. ಮತ್ತೆ ಬೀಳುವ ಭಯ. ಮಗ್ಗುಲಲ್ಲಿ ಇಟ್ಟ ವಾಕರನ್ನು ಮುಟ್ಟಲೂ ಇಲ್ಲ. “ನಂದಿನ್ನು ಇಷ್ಟೇ ಬಿಡ್ರೀ” ಎಂದು ಗೋಡೆ ಕಡೆ ತಿರುಗಿ ಮಲಗುವರು. ಮಾವ ಬಂದ ಮದುವೆಗಳನ್ನೆಲ್ಲ ಬೇರೆಯವರಿಗೆ ದಾಟಿಸಿದರು. ಕೊಪ್ಪರಿಗೆಗಳು ಹಿತ್ತಲಲ್ಲಿ ಬೋರಲು ಬಿದ್ದವು.

ಡಿಸೆಂಬರಿನಲ್ಲಿ ಮಾವ ಮತ್ತೆ ನನ್ನನ್ನು ಕಡೂರಿಗೆ ಹೊರಡಿಸಿದರು.

“ಈ ಕಂತು ಕಟ್ಟೋದೇ ಬೇಡ” ಎಂದರು ಆಡಿಟರು. “ಆದಾಯ ನಿಂತುಹೋಗಿದೆ. ಅಂದಾಜು ತಗ್ಗಿಸೋಣ. ಈವರೆಗೆ ಕಟ್ಟಿರೋದೇ ಹೆಚ್ಚಾಗಿದೆ.”

“ತಗ್ಗಿಸ್ಬ್ಯಾಡಿ. ಹೋದ ವರ್ಷದಷ್ಟೇ ಕಟ್ಟಿ.”

ನನಗೆ ರೇಗಿತು. ಆಸ್ಪತ್ರೆಯ ಖರ್ಚು ನೋಡಿದ್ದವನು ನಾನು. “ಏನ್ ಮಾವ ಇದು? ಮನೇಲಿ ಇಷ್ಟು ಕಷ್ಟ ಇರೋವಾಗ?”

ಮಾವ ಮೇಜಿನ ಅಂಚನ್ನು ಉಜ್ಜಿದರು. “ಲೇ, ಬ್ಯಾಂಕಿಂದು ಇಬ್ರ ಖಾತೆ ಕಣೋ. ದುಡ್ಡು ಕಟ್ಟಿದ ಮೆಸೇಜು ಅವಳ ಫೋನಿಗೆ ಬತ್ತದೆ. ಕಮ್ಮಿ ಕಟ್ಟಿದ್ರೆ, ಇನ್ನು ಇವಳು ಏಳಲ್ಲ ಅಂತ ನಾನೂ ಅಂದಾಜು ಮಾಡ್ಬಿಟ್ಟೆ ಅಂತ ತಿಳ್ಕಳಲ್ವಾ?”

ಆಡಿಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೋದ ವರ್ಷದ ಮೊತ್ತವನ್ನೇ ಕಟ್ಟಿದರು.

ನಾವು ಬೀರೂರಿಗೆ ಮರಳುವಷ್ಟರಲ್ಲಿ ಅತ್ತೆ ಫೋನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು.

“ಇಷ್ಟೊಂದ್ಯಾಕೆ ಕಟ್ಟಿದ್ರಿ? ಈ ವರ್ಷ ದುಡಿಮೆ ಎಲ್ಲೈತೆ?”

“ಮಾಘದಲ್ಲಿ ಲಗ್ನ ಜಾಸ್ತಿ ಅವೆ ಕಣೇ.”

“ಅಡುಗೆ ಯಾರ್ ಮಾಡ್ತಾರೆ?”

ಮಾವ ಹೆಂಡತಿಯ ಮುಖ ನೋಡುತ್ತ ಹಾಸಿಗೆಯ ಪಕ್ಕದಲ್ಲೇ ನಿಂತರು. ಅತ್ತೆ ಇನ್ನೊಮ್ಮೆ ಫೋನು ನೋಡಿದರು. ಆಮೇಲೆ ಅದನ್ನು ದಿಂಬಿನ ಮೇಲಿಟ್ಟು, ಹೊದಿಕೆ ಸರಿಸಿ, ಒಂದೊಂದಾಗಿ ಎರಡೂ ಕಾಲನ್ನು ನೆಲಕ್ಕೆ ಇಳಿಸಿದರು.

“ಸುಮ್ನೆ ನಿಂತ್ಕಂಡ್ರೆ ಆಯ್ತದಾ?” ಎಂದರು. “ಕೈ ಕೊಡ್ರೀ.”