ಮಲೇರಿಯಾ ಇರುವ ವರ ಬೇಕು

೧೯೮೮ರ ಮಾತು. ಬಿ.ಎಸ್‌ಸಿ. ಮುಗಿಸಿ ಗಂಗಾವತಿಯಲ್ಲಿ ಮಲೇರಿಯಾ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿದ್ದೆ. ಸೂಕ್ಷ್ಮದರ್ಶಕದ ಕೆಳಗೆ ನಗುವಂಥದ್ದೇನೂ ಕಾಣುವುದಿಲ್ಲ. ತಲೆ ಎತ್ತಿದರೆ ಮಾತ್ರ ದಿನಾ ಏನಾದರೊಂದು ನಡೆದಿರುತ್ತಿತ್ತು.

೧. ಅಜ್ಜಿಯ ಭಾಷಣ

ನವಲಿಯಲ್ಲಿ ಜನರನ್ನು ಕೂರಿಸಿ ತಿಳಿಸಿ ಹೇಳಿದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ, ಅದಕ್ಕೆ ಮಾತ್ರೆ ಇದೆ. ಹೊಸದಾಗಿ ಬಂದಿರುವ ಏಡ್ಸ್ ರೋಗ ಸೊಳ್ಳೆಯಿಂದ ಬರುವುದಿಲ್ಲ. ದೇಹಸಂಬಂಧದಿಂದ, ರಕ್ತದಿಂದ ಬರುತ್ತದೆ, ಅದಕ್ಕೆ ಮದ್ದಿಲ್ಲ.

ಮುಂದೆ ಕೂತಿದ್ದ ಅಜ್ಜಿ ಕೇಳಿದಳು: "ಅಂದ್ರ ಒಂದು ಜಡ್ಡು ಮನ್ಯಾಗ ಕುಂತವರಿಗೂ ಬರತೈತಿ. ಇನ್ನೊಂದು ಹುಡುಕ್ಕೊಂಡು ಹೋದವರಿಗೆ ಬರತೈತಿ. ಹೌದಿಲ್ಲೋ ತಮ್ಮಾ?"

ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡವರಿಗೂ ಬರಬಹುದು ಎನ್ನುವಷ್ಟರಲ್ಲಿ ಜನ ಎದ್ದಿದ್ದರು. ಹೊರಗೆ ಕಟ್ಟೆಯ ಮೇಲೆ ಅಜ್ಜಿಯ ಭಾಷಣ ಶುರುವಾಗಿತ್ತು.

೨. ನಡುಗಿದ ವರ

ಅದೇ ಅಜ್ಜಿಯ ಮೊಮ್ಮಗಳಿಗೆ ಕನಕಗಿರಿಯ ಹುಡುಗ ಗೊತ್ತಾಗಿದ್ದ. ಗೋವಾದಲ್ಲಿ ಗಾರೆ ಕೆಲಸ ಮಾಡಿ ಬಂದವನು. ನಿಶ್ಚಯದ ದಿನ ಹುಡುಗಿಯ ಮನೆಯಲ್ಲೇ ಜ್ವರ ಏರಿ ಗಡಗಡ ನಡುಗಿದ. ಗೋವಾ ನೆನಪಾದದ್ದೇ ತಡ, ಇದು ಹುಡುಕಿಕೊಂಡು ಹೋದವರ ಜಡ್ಡೇ ಎಂದು ಅಜ್ಜಿ ಎಲೆ-ಅಡಿಕೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಹುಡುಗಿ ಒಳಗೆ ಅಳತೊಡಗಿದಳು. ನನ್ನನ್ನು ಕರೆಸಿದರು. ಹುಡುಗನ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋದೆ, ಪರೀಕ್ಷೆ ಮಾಡಿ ತಿರುಗಿ ಬಂದೆ. ಎರಡೂ ಕಡೆಯವರು ಕಾಯುತ್ತ ಕೂತಿದ್ದರು.

"ಮಲೇರಿಯಾ ಐತ್ರಿ" ಎಂದೆ.

ಹುಡುಗನ ಅಪ್ಪ ನನ್ನ ಎರಡೂ ಕೈ ಹಿಡಿದ. "ನಮ್ಮ ಮಾನ ಉಳಿಸಿದ್ರಿ ಸಾಹೇಬ್ರ."

ಈ ಪರೀಕ್ಷೆ ಏಡ್ಸ್ ವಿಷಯ ಏನೂ ಹೇಳುವುದಿಲ್ಲ, ಒಬ್ಬನಿಗೆ ಎರಡೂ ಇರಬಹುದು ಎಂದು ಬಿಡಿಸಿ ಹೇಳಿದೆ. ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಒಂದು ಮೈಗೆ ಒಂದ ಜಡ್ಡು ಸಾಕೋ ತಮ್ಮಾ."

೩. ಜ್ವರವಿಲ್ಲದವರು

ಸುದ್ದಿ ಹಬ್ಬಿತು. ಮಲೇರಿಯಾ ಇದ್ದವನು ಶೀಲವಂತ ಎಂದಾಯಿತು. ಮುಂದಿನ ವಾರ ಗೋವಾದಿಂದ ಮರಳಿದ ಹುಡುಗರು ನನ್ನ ಕೋಣೆಯ ಮುಂದೆ ಸಾಲು ನಿಂತರು. ಜ್ವರ ಒಬ್ಬನಿಗೂ ಇರಲಿಲ್ಲ. ಎಲ್ಲರಿಗೂ ಹೆಣ್ಣು ನೋಡುತ್ತಿದ್ದರು.

ರಕ್ತ ನೋಡಿ, ಯಾರಿಗೂ ಮಲೇರಿಯಾ ಇಲ್ಲ ಎಂದೆ. ಒಬ್ಬ ಅಲ್ಲೇ ಕುಸಿದು ಕೂತ. "ಏನೂ ಇಲ್ಲಂದ್ರ ಬೀಗರಿಗೆ ಏನು ಹೇಳೋಣ್ರಿ?"

ಇನ್ನೊಬ್ಬ ಹತ್ತಿರ ಬಂದು ದನಿ ತಗ್ಗಿಸಿದ: "ಸ್ವಲ್ಪರ ಐತಿ ಅನ್ರಿ ಸಾಹೇಬ್ರ. ಲಗ್ನ ಆದಮ್ಯಾಲ ಗುಳಿಗಿ ನುಂಗ್ತೀನಿ."

ಮೂರನೆಯವನು ನನ್ನ ಭಾಷಣವನ್ನು ಸರಿಯಾಗಿ ಕೇಳಿದ್ದ. "ಆ ಕನಕಗಿರಿ ಹುಡುಗನ ಮನಿ ಯಾವ ಓಣ್ಯಾಗ ಬರತೈತ್ರಿ? ನಾಕ ದಿನ ಅಲ್ಲೇ ಮಲಗ್ತೀನಿ."

ಆ ವಾರ ಪರೀಕ್ಷಿಸಿದವರು ಏಳು ಮಂದಿ. ಮಲೇರಿಯಾ ಇಲ್ಲದವರು ಏಳು. ಅತ್ತವರು ಮೂವರು.