ಗುರುಗುಟ್ಟಿದ ಕೇರೆ

ಕೊಂಬು ಸಾರ್ ಅವತ್ತು ತಿಂಡಿ ತಟ್ಟೆಯ ಮುಂದೆ ಕೂತು ಘೋಷಿಸಿಯೇಬಿಟ್ಟರು: "ಇವಳೇ, ಇನ್ನು ಮೇಲೆ ಈ ಮನೆಯಲ್ಲಿ ಯಾರಿಗೇ ಆಗಲಿ, ಹಾವಿನ ವಿಷಯದಲ್ಲಿ ಏನೇ ಸಂದೇಹ ಬರಲಿ, ನನ್ನನ್ನ ಕೇಳಬಹುದು."

ಮನೆಯಲ್ಲಿದ್ದವರೇ ಇಬ್ಬರು. ಅದರಲ್ಲಿ ಒಬ್ಬರು ಅವರೇ. ಇನ್ನೊಬ್ಬರು ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವರ ಹೆಂಡತಿ. ಆಕೆ ತಲೆ ಎತ್ತದೆ ಹೇಳಿದರು: "ಸದ್ಯಕ್ಕೆ ಸಂದೇಹ ಇರೋದು ಸೂಜಿ ವಿಷಯದಲ್ಲಿ. ನಿನ್ನೆ ನಿಮ್ಮ ಕೈಗೆ ಕೊಟ್ಟಿದ್ದು ಎಲ್ಲಿ?"

ಸಾರ್ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಅಕ್ಷರಕ್ಕೆ ಒಂದು ಕೊಂಬು ತಪ್ಪಿದರೂ ಊಟ ಸೇರದ ಮನುಷ್ಯ. ಆ ಹೆಸರು ಬಂದದ್ದೇ ಹಾಗೆ. ಈ ಸಲ ಅವರ ಕೈಗೆ ಬಂದದ್ದು ಕೇರೆ ಹಾವಿನ ಮೇಲೊಂದು ಪುಸ್ತಕ. ಬರೆದವರು ಮೂವತ್ತು ವರ್ಷ ಹಾವುಗಳ ಹಿಂದೆ ತಿರುಗಿದ ನಿವೃತ್ತ ಮೇಷ್ಟ್ರು. ಅಕ್ಷರ ಜೋಡಿಸಿದವರು ಹದಿನೇಳು ಕಡೆ 'ಕೆರೆ ಹಾವು' ಮಾಡಿದ್ದರು. ಹದಿನೇಳು ಸಲವೂ ದೀರ್ಘ ಕೊಟ್ಟು ಹಾವನ್ನು ಕೆರೆಯಿಂದ ಮೇಲೆತ್ತಿದ್ದು ಸಾರ್. ಪುಸ್ತಕ ಮುಗಿಯುವ ಹೊತ್ತಿಗೆ ಸ್ವತಃ ಅವರಿಗೇ ಎರಡು ಕೊಂಬು ಮೂಡಿದ್ದವು.

ಆ ಹುಮ್ಮಸ್ಸಿನಲ್ಲಿ ಮೇಷ್ಟ್ರನ್ನೂ ಒಂದು ಕಡೆ ತಿದ್ದಿಬಿಟ್ಟಿದ್ದರು. ಸಂಜೆ ಹೆಂಡತಿ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಗಂಡ ಕರಡಿನ ಮೇಲೆ ಬೆರಳಿಟ್ಟು ನೋಡುವುದು ಆ ಮನೆಯ ರೂಢಿ. "ಮೂಲೆಗೆ ಸಿಕ್ಕಿಬಿದ್ದ ಕೇರೆ ಕತ್ತು ಉಬ್ಬಿಸಿ ಗುರುಗುಟ್ಟುತ್ತದೆ" ಅಂತ ಹೆಂಡತಿ ಓದಿದ್ದರು.

"ಗುರುಗುಟ್ಟೋಕೆ ಅದೇನು ನಾಯಿನಾ?" ಎಂದು ಸಾರ್ ಕೆಂಪು ಪೆನ್ನಿನಲ್ಲಿ ಆ ಪದವನ್ನು ಹೊಡೆದುಹಾಕಿ 'ಬುಸುಗುಟ್ಟುತ್ತದೆ' ಎಂದು ಬರೆದರು.

"ಪಕ್ಕದಲ್ಲಿ 'ನಾನೇ ಕೇಳಿದ್ದೇನೆ' ಅಂತ ಬರೆದಿದಾರಲ್ರೀ."

"ವಯಸ್ಸಾಯ್ತು ಪಾಪ. ಕಿವಿ."

ಆ ಪುಟ ಅವತ್ತೇ ಮಧ್ಯಾಹ್ನ ಮೂರು ಗಂಟೆಗೆ ಅಚ್ಚಿಗೆ ಹೋಗುವುದಿತ್ತು. ಕೆಲಸ ಮುಗಿಸಿದ ಖುಷಿಗೆ ರಜೆ ಹಾಕಿದ್ದ ಸಾರ್ ಮಧ್ಯಾಹ್ನ ಅಡ್ಡಾಗಿದ್ದರು. ಎರಡೂವರೆಗೆ ಬಟ್ಟೆ ಗಂಟುಗಳನ್ನೂ ಹಳೇ ಹೊಲಿಗೆ ಯಂತ್ರವನ್ನೂ ಇಟ್ಟಿದ್ದ ಹಿಂದಿನ ಕೋಣೆಯಿಂದ ಹೆಂಡತಿಯ ದನಿ ಬಂತು.

"ರೀ, ನಿಮ್ಮ ಸಂದೇಹ ಬಂದಿದೆ, ನೋಡಿ."

ಗಂಟುಗಳ ಸಂದಿಯಲ್ಲಿ ಮಾಸಲು ಕಂದು ಬಣ್ಣದ ಹಾವು. ಏಳಡಿಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಡ್ರೈವರೂ ಕಿಟಕಿಯಿಂದ ನೋಡಿ, ದೊಣ್ಣೆ ಹಿಡಿದು ಒಳಗೆ ಬಂದಾಗಿತ್ತು. ಸಾರ್ ಕೈ ಅಡ್ಡ ಹಿಡಿದರು.

"ದೊಣ್ಣೆ ಇಳಿಸಪ್ಪ. ಇದು ಕೇರೆ. ವಿಷ ಇಲ್ಲ. ಹಗಲು ಹೊತ್ತು ಓಡಾಡುತ್ತೆ, ಇಲಿ ಅಂದ್ರೆ ಪ್ರಾಣ. ಜೋಡಿ ಹೆಣೆದುಕೊಂಡು ನಿಂತರೆ ಸರಸ ಅಂದ್ಕೋತಾರೆ ಜನ. ಎಷ್ಟೋ ಸಲ ಅದು ಎರಡು ಗಂಡುಗಳ ಕುಸ್ತಿ. ಬಾ, ತುಟಿ ಮೇಲಿನ ಕಪ್ಪು ಗೆರೆ ತೋರಿಸ್ತೀನಿ."

ತೋರಿಸಲು ಬಗ್ಗಿದರು. ಕೇರೆ ಮೂಲೆಗೆ ಒತ್ತಿಕೊಂಡಿತು, ಕತ್ತು ಉಬ್ಬಿಸಿತು, ಆಮೇಲೆ ಸ್ಪಷ್ಟವಾಗಿ, ಯಾವ ಅಕ್ಷರದೋಷವೂ ಇಲ್ಲದೆ "ಗುರ್‌ರ್‌ರ್" ಅಂದಿತು.

ಸಾರ್ ಹೊಲಿಗೆ ಯಂತ್ರದ ಮೇಲಿದ್ದರು. ಹೇಗೆ ಹತ್ತಿದರೆಂದು ಅವರಿಗೂ ಗೊತ್ತಿಲ್ಲ.

"ಕೇರೆ ಅಲ್ಲ ಕಣಯ್ಯಾ! ಕೇರೆ ಬುಸುಗುಟ್ಟುತ್ತೆ, ಪುಸ್ತಕದಲ್ಲೇ ಇದೆ! ಇದು ಬೇರೆ ಯಾವುದೋ! ಹೊಡಿ!"

ಡ್ರೈವರ್ ದೊಣ್ಣೆ ಎತ್ತಿದ. ಹೆಂಡತಿ ಕತ್ತಿನ ಟೇಪನ್ನೂ ತೆಗೆಯದೆ ಅಡ್ಡ ಬಂದು ನಿಂತರು.

"ಇಳಿಸು ತಮ್ಮಾ. ರೀ, ಪುಸ್ತಕದಲ್ಲಿ ಹಾಗೆ ಬರೆದಿದ್ದು ಯಾರು? ಗುರುಗುಟ್ಟುತ್ತೆ ಅಂತ ಓದಿ ಹೇಳಿದ್ದು ನಾನೇ ತಾನೇ? ಅದರ ಮಾತನ್ನ ಹೊಡೆದುಹಾಕಿದ್ದಾಯ್ತು. ಈಗ ಅದನ್ನೂ ಹೊಡೆದುಹಾಕಿಸ್ತೀರಾ?"

ಡ್ರೈವರನ ದೊಣ್ಣೆ ಇಳಿಯಿತು. ಯಂತ್ರದ ಮೇಲಿದ್ದವರ ಮುಖವೂ ಇಳಿಯಿತು. ಹೆಂಡತಿ ಹಿಂಬಾಗಿಲು ತೆರೆದು ದೂರ ಸರಿದರು. ಕೇರೆ ತನ್ನ ಪಾಡಿಗೆ ತಾನು ಹಿತ್ತಲಿಗೆ ಹರಿದುಹೋಯಿತು.

ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ. ಮೂವತ್ತು ವರ್ಷ ಹಾವಿನ ಹಿಂದೆ ತಿರುಗಿದ ಮನುಷ್ಯನ ಕಿವಿಯನ್ನು ತಾನು ಸಾವಿರ ಪ್ರತಿಗಳಲ್ಲಿ ಕೆಡಿಸಲಿದ್ದೇನೆಂದು ಸಾರ್‌ಗೆ ಹೊಳೆದದ್ದು ಆಗಲೇ. ಯಂತ್ರದಿಂದ ಇಳಿಯದೆಯೇ ಫೋನ್ ಮಾಡಿದರು.

"ನಲವತ್ತೊಂದನೇ ಪುಟ ನಿಲ್ಲಿಸಿ! 'ಬುಸುಗುಟ್ಟು' ತೆಗೆದು 'ಗುರುಗುಟ್ಟು' ಹಾಕಿ."

"ಯಾವ ಗುಟ್ಟು ಸಾರ್? ಇಲ್ಲಿ ಮಷಿನ್ ಸದ್ದು."

"ಗುರ್‌ರ್! ಗುರ್‌ರ್‌ರ್!"

"ಸಾರ್, ಹಾವು ಗುರುಗುಟ್ಟೋಕೆ ಅದೇನು ನಾಯಿನಾ?"

"ನಾನೇ ಕೇಳಿದ್ದೇನೆ," ಅಂದರು ಸಾರ್, ಬಲು ಮೆತ್ತಗೆ.

ಪುಟ ಉಳಿಯಿತು. ಡ್ರೈವರ್ ನಗು ತಡೆದುಕೊಂಡು ಮನೆಗೆ ಹೋದ. ಇಳಿಯಲು ಹೋದಾಗ ಸಾರ್‌ಗೆ ನಿನ್ನೆಯ ಸೂಜಿ ಸಿಕ್ಕಿತು, ಅಂಗಾಲಿಗೆ. ಹೆಂಡತಿ ಅದನ್ನು ಕಿತ್ತು, ಔಷಧಿ ಹಚ್ಚಿ, ಕಪಾಟಿನಿಂದ ಮಡಿಸಿಟ್ಟಿದ್ದ ಒಂದು ಹಾವಿನ ಪೊರೆ ತೆಗೆದು ತೋರಿಸಿದರು.

"ಏಳಡಿ ಮೂರಿಂಚು. ಅಳೆದಿದೀನಿ. ಅದು ಬಂದು ಎರಡು ತಿಂಗಳಾಯ್ತು. ಆಮೇಲೆ ಇಲಿ ಒಂದೇ ಒಂದು ಬಟ್ಟೆ ಕಡಿದಿಲ್ಲ."

"ಎರಡು ತಿಂಗಳಾ?" ಸಾರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಹಾವಿನ ಪುಸ್ತಕ ತಿದ್ದುತ್ತಾ ಇದ್ದವನು ನಾನು. ನನಗೊಂದು ಮಾತು ಹೇಳಬಾರದಿತ್ತಾ?"

ಹೆಂಡತಿ ಅವರ ಪಾದ ನೀವುತ್ತಾ ನಕ್ಕರು.

"ಹೇಳಬಹುದಿತ್ತು. ನೀವು ಅದನ್ನೂ ತಿದ್ದೋಕೆ ಹೋಗ್ತೀರಿ ಅಂತ ಸುಮ್ಮನಿದ್ದೆ."