ಹೊಸ್ತಿಲಾಚೆಯ ಇಂಟರ್‌ವ್ಯೂ

ಚಿಂತೆ ಮಾಡುವುದಕ್ಕೂ ಒಂದು ಡಿಗ್ರಿ ಕೊಡುವಂತಿದ್ದರೆ ನಾನು ಎಂದೋ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಿದ್ದೆ. ಬಸ್ಸು ಹತ್ತುವ ಮೊದಲೇ ಅದು ದಾರಿಯಲ್ಲಿ ಕೆಟ್ಟು ನಿಲ್ಲುವುದನ್ನೂ ಹಿಂದಿನ ಬಸ್ಸು ಬಾರದಿರುವುದನ್ನೂ ಯೋಚಿಸಿ ಬೆವರಬಲ್ಲವನು ನಾನು. ಈ ಪ್ರತಿಭೆ ಪೂರ್ತಿ ಅರಳಿದ್ದು, ರೈತರಿಗೆ ರೇಷ್ಮೆಹುಳು ಸಾಕುವುದನ್ನು ತೋರಿಸಿಕೊಡುವ ಸರ್ಕಾರಿ ಕೆಲಸಕ್ಕೆ ಇಂಟರ್‌ವ್ಯೂ ಪತ್ರ ಬಂದಾಗ.

ಆಗ ನಮ್ಮ ಕುದೂರಿನ ಕಡೆ ರೇಷ್ಮೆಯದೇ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಮ್ಮನೆಯಲ್ಲಿ ಹುಳುಗಳು ನಡುಮನೆಯಲ್ಲಿ ಇರುತ್ತಿದ್ದವು, ನಾವು ಜಗಲಿಯಲ್ಲಿ. ನನಗೋ ವಯಸ್ಸಿನ ಮಿತಿ ದಾಟಲು ಎರಡೇ ತಿಂಗಳು ಉಳಿದಿತ್ತು. ಇದು ತಪ್ಪಿದರೆ ಸರ್ಕಾರಿ ನೌಕರಿಯ ಮಾತೇ ಮುಗಿಯಿತು. ಹುಳು ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ ಮಂಕಾಗಿ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳುವಿಗೆ ಜನ್ಮಕ್ಕೆ ನಾಲ್ಕೇ ಜ್ವರ. ಪತ್ರ ಬಂದ ದಿನದಿಂದ ನನಗೆ ಐದನೆಯದು ಹಿಡಿಯಿತು.

ಎಲ್ಲಿಂದಲೋ ಪುಸ್ತಕ ತಂದು ಶಾಖ ಎಷ್ಟಿರಬೇಕು, ತೇವ ಎಷ್ಟಿರಬೇಕು ಎಂದು ಉರುಹೊಡೆಯತೊಡಗಿದೆ. ಅವ್ವ ಸೊಪ್ಪು ಕತ್ತರಿಸುತ್ತಲೇ ನಕ್ಕಳು. "ಹುಟ್ದಾಗಿಂದ ಹುಳ ನೋಡ್ಕಂಡೇ ಬೆಳ್ದಿದ್ದೀಯ, ಬುಕ್ನಲ್ಲಿ ಏನ್ಲಾ ಹುಡುಕ್ತೀಯ?"

ಇಂಟರ್‌ವ್ಯೂ ದಿನ ಬೆಳಿಗ್ಗೆ ಚನ್ನಪಟ್ಟಣದಿಂದ ಪುಟ್ಟಸ್ವಾಮಿ ಮಾವ ಬಂದ. ನನ್ನ ಇಸ್ತ್ರಿ ಶರ್ಟನ್ನು ಮೂಸಿ, "ಥೂ, ಹುಳದ ವಾಸ್ನೆ ಹೊಡೀತೈತೆ ಕಣ್ಲಾ! ಆಫೀಸರ್ಗಳ ಮುಂದೆ ಹಿಂಗಾ ಹೋಗಾದು?" ಎಂದು ಅಂಗಳದಲ್ಲೇ ನನ್ನ ಮೈಮೇಲೆ ಅರ್ಧ ಬಾಟಲಿ ಸೆಂಟು ಸುರಿದ. ನಾನು ಪತ್ರ ತರಲು ಒಳಗೆ ಕಾಲಿಡುವಷ್ಟರಲ್ಲಿ ಅವ್ವ ಪೊರಕೆ ಅಡ್ಡ ಹಿಡಿದಳು. "ಅಲ್ಲೇ ನಿಂತ್ಕ! ಹುಳ ಹಣ್ಣಾಗಿ ಗೂಡು ಕಟ್ಟೋ ಟೇಮು, ಸೆಂಟ್ ಹಾಕ್ಕಂಡು ಬಂದ್ಬುಟ್ಟ!" ನಮ್ಮ ಮನೆಯ ಕಾನೂನು ಅದು. ಹುಳುವಿಗೆ ಘಾಟು ವಾಸನೆ ಆಗದು. ಬೀಡಿ ಸೇದುವ ನೆಂಟರನ್ನು ಬೀದಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದಳು. ನನಗೆ ಪತ್ರ, ಉಪ್ಪಿಟ್ಟು, ಆಶೀರ್ವಾದ ಮೂರೂ ಕಿಟಕಿಯಿಂದಲೇ ಬಂದವು.

ರಾಮನಗರದ ಆಫೀಸಿನಲ್ಲಿ ನನಗಿಂತ ಮುಂಚೆ ನಾಲ್ವರು ಒಳಗೆ ಹೋಗಿ ನಗುತ್ತ ಹೊರಬಂದರು. ನನ್ನ ಹೆಸರು ಕೂಗಿದರು. ಬಾಗಿಲಿಗೆ ಹೋದೆ. ಮೂವರು ಅಧಿಕಾರಿಗಳು, ಅವರ ಮುಂದಿನ ಮೇಜಿನ ಮೇಲೆ ಒಂದು ಬಿದಿರು ತಟ್ಟೆ, ತಟ್ಟೆ ತುಂಬ ಬೆರಳು ಗಾತ್ರದ ಹುಳು! ನನ್ನ ಕಾಲು ಹೊಸ್ತಿಲಲ್ಲೇ ನಿಂತುಹೋಯಿತು. ಉರುಹೊಡೆದ ಶಾಖ, ತೇವ ಎಲ್ಲ ಆವಿಯಾಯಿತು. ಕಣ್ಣಿಗೆ ಕಂಡದ್ದು ಅವ್ವನ ಪೊರಕೆ ಮಾತ್ರ.

"ಬನ್ರೀ, ಈ ಹುಳು ನೋಡಿ ಹೇಳಿ," ಎಂದರು ಕನ್ನಡಕದವರು.

"ಇಲ್ಲ ಸಾರ್, ನಾನು ಒಳೀಕೆ ಬರಲ್ಲ. ಸೆಂಟ್ ಹಾಕ್ಕಂಡಿವ್ನಿ."

"ಒಳಗೆ ಬರದೆ ಇಂಟರ್‌ವ್ಯೂ ಹೇಗ್ರೀ ಮಾಡೋದು?"

"ಏನ್ ಬೇಕಾದ್ರೂ ಕೇಳಿ ಸಾರ್, ಇಲ್ಲಿಂದ್ಲೇ ಹೇಳ್ತೀನಿ. ಒಸಿ ಆ ಫ್ಯಾನ್ ಆಫ್ ಮಾಡ್ಬುಡಿ, ಗಾಳಿ ನೆಟ್ಟಗೆ ಹುಳದ ಮೇಲೇ ಹೊಡೀತೈತೆ."

ಹೇಳಿದ ಮೇಲೆ ಗೊತ್ತಾಯಿತು, ಕೆಲಸ ಕೊಡುವವರಿಗೇ ನಾನು ಕೆಲಸ ಹೇಳಿದ್ದೆ. ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬರು ಎದ್ದು ಫ್ಯಾನ್ ಆರಿಸಿದರು. ಕನ್ನಡಕದವರು "ಆಯ್ತು, ಹೋಗಿ" ಎಂದರು. ಅಷ್ಟೇ ನನ್ನ ಇಂಟರ್‌ವ್ಯೂ.

ಇಪ್ಪತ್ತು ದಿನ ನಾನು ಸರಿಯಾಗಿ ಉಸಿರೇ ಬಿಡಲಿಲ್ಲ. ಇಪ್ಪತ್ತೊಂದನೆಯ ದಿನ ಆರ್ಡರ್ ಬಂತು. ಬಿಟ್ಟ ಉಸಿರಿಗೆ ಕೈಯಲ್ಲಿದ್ದ ಆರ್ಡರ್ ಹಾರಿಹೋಗದಿದ್ದದ್ದೇ ಪುಣ್ಯ. ಕೆಲಸಕ್ಕೆ ಸೇರಿದ ಮೇಲೆ ಕನ್ನಡಕದವರೇ ಹೇಳಿದರು: "ಆ ನಾಲ್ವರೂ ಶಾಖ, ತೇವ ಎಲ್ಲ ಸರಿಯಾಗೇ ಹೇಳಿದ್ರು ಕಣ್ರೀ. ಆದ್ರೆ ಒಬ್ಬ ಹೊಗೆಸೊಪ್ಪು ಬಾಯಲ್ಲಿಟ್ಕೊಂಡು, ಉಳಿದೋರು ಸೆಂಟ್ ಹಾಕ್ಕೊಂಡು ಘಮಘಮ ಅಂತ ತಟ್ಟೆ ಮೇಲೇ ಬಗ್ಗಿ ಹೇಳಿದ್ರು. ನಿಮ್ಮನ್ನ ಕೇಳೋಕೆ ಇನ್ನೇನೂ ಉಳಿದಿರಲಿಲ್ಲ."

ಈಗ ನನ್ನ ಕೂದಲು ಅರ್ಧ ನರೆತಿದೆ. ಮೊನ್ನೆ ಇನ್ನೊಂದು ಪತ್ರ ಬಂತು. ಈ ಸಲ ಇಂಟರ್‌ವ್ಯೂ ಮಾಡುವವರಲ್ಲಿ ನಾನೂ ಒಬ್ಬ. ಏನು ಕೇಳುವುದು, ಬಂದವರಿಗೆ ನನಗಿಂತ ಹೆಚ್ಚು ಗೊತ್ತಿದ್ದರೆ ಏನು ಗತಿ ಎಂದು ಮತ್ತೆ ಪುಸ್ತಕ ಹಿಡಿದಿದ್ದೇನೆ. "ಕೆಲ್ಸ ಕೊಡೋರು ನೀವಲ್ವಾ, ನಿಮಗ್ಯಾಕ್ರೀ ಬೆವರು?" ಎನ್ನುತ್ತಾಳೆ ಹೆಂಡತಿ. ಒಂದನ್ನು ಮಾತ್ರ ಧೈರ್ಯವಾಗಿ ತೀರ್ಮಾನಿಸಿದ್ದೇನೆ: ಮೇಜಿನ ಮೇಲೆ ಹುಳುವಿನ ತಟ್ಟೆ ಇಡಿಸುವುದು. ಆದರೆ ಈ ಚಿಂತೆಗೆ ತಲೆನೋವು ಹಿಡಿದು ಮೂರು ದಿನದಿಂದ ಹಣೆ ತುಂಬ ಘಾಟು ಮುಲಾಮು ಮೆತ್ತಿಕೊಂಡು ಓಡಾಡುತ್ತಿದ್ದೇನೆ. ಇಂಟರ್‌ವ್ಯೂ ನಾಡಿದ್ದು. ನಾಳೆಯೊಳಗೆ ನೋವು ಬಿಡದಿದ್ದರೆ, ನಾನು ಈ ಸಲವೂ ಹೊಸ್ತಿಲಾಚೆಯೇ ನಿಲ್ಲಬೇಕು.